ತೊಳೆಯಬಾರದ ಸ್ಪಂಜು

"ನಿಮಗೆ ಮೀನು ಮಾರಲ್ಲ, ಮೇಡಂ."

"ಏನಂದ್ರಿ?"

"ಮಾರಲ್ಲ ಅಂದೆ. ಸತ್ತವಕ್ಕೆ ಬದಲಿ ಕೊಟ್ರೆ ಅವೂ ಸಾಯ್ತವೆ. ಬೇರೆ ಅಂಗಡಿ ನೋಡ್ಕೊಳ್ಳಿ. ಅಲ್ಲೂ ಕೊಡದೇ ಇದ್ರೆ ಇನ್ನೂ ಒಳ್ಳೇದು."

ಅವಳ ಕಿವಿ ಕೆಂಪಾಯಿತು. ಅಂಗಡಿಯಲ್ಲಿ ಇನ್ನಿಬ್ಬರು ಗಿರಾಕಿಗಳಿದ್ದರು. ಇಬ್ಬರೂ ಮೀನು ನೋಡುವುದನ್ನು ಬಿಟ್ಟು ಇವಳನ್ನು ನೋಡತೊಡಗಿದರು. ಅಂಗಡಿಯವನಂತೂ ಮೊಣಕೈವರೆಗೆ ಕೈಯನ್ನು ನೀರಿನೊಳಗಿಟ್ಟುಕೊಂಡು ಏನೋ ಸರಿಮಾಡುತ್ತಿದ್ದ. ಮುಖ ತಿರುಗಿಸುವ ಸೌಜನ್ಯವೂ ಇಲ್ಲ!

"ರೋಗದ ಮೀನು ಮಾರೋದಲ್ದೆ ಮೇಲಿಂದ ಮಾತು ಬೇರೆ! ಎರಡು ತಿಂಗಳಲ್ಲಿ ಮೂರು ಗೋಲ್ಡ್‌ಫಿಶ್ ಸತ್ತಿವೆ. ಮೂರೂ ನಿಮ್ಮ ಅಂಗಡೀವೇ!"

"ಫಿಲ್ಟರ್ ಹೇಗೆ ತೊಳೀತೀರಿ?"

ಈ ಪ್ರಶ್ನೆಗೆ ಅವಳು ಎದೆಯುಬ್ಬಿಸಿದಳು. ಇಂಥ ಪ್ರಶ್ನೆಯಲ್ಲಿ ಅವಳನ್ನು ಸೋಲಿಸಿದವರು ಈವರೆಗೆ ಯಾರೂ ಇಲ್ಲ.

"ಪ್ರತಿ ಭಾನುವಾರ ನೀರು ಪೂರ್ತಿ ಚೆಲ್ತೀನಿ. ಕಲ್ಲುಗಳನ್ನ ಕುದಿಸ್ತೀನಿ. ಫಿಲ್ಟರ್ ಒಳಗಿನ ಸ್ಪಂಜನ್ನ ಬ್ಲೀಚಿಂಗ್ ಪೌಡರ್‌ನಲ್ಲಿ ನೆನೆಹಾಕಿ ಬಿಸಿನೀರಲ್ಲಿ ಮೂರು ಸಲ ಜಾಲಿಸ್ತೀನಿ. ನಮ್ಮ ಟ್ಯಾಂಕ್‌ನಷ್ಟು ಕ್ಲೀನಾಗಿರೋ ಟ್ಯಾಂಕ್ ನಿಮ್ಮ ಅಂಗಡೀಲೂ ಇಲ್ಲ!"

ಅವನು ಕೈಯನ್ನು ಹೊರತೆಗೆದ. ಈಗ ಮಾತ್ರ ಅವಳತ್ತ ತಿರುಗಿದ.

"ಹಾಗಾದ್ರೆ ಕೊಂದಿದ್ದು ನೀವೇ."

ಅಷ್ಟೇ. ಅವಳು ಬಾಯಿ ತೆರೆದಳು... ಬೈಗುಳ ಬರಬೇಕಾದಲ್ಲಿ ಅಳು ಬಂತು.

"ಇನ್ನೊಂದೇ ಒಂದು ಉಳಿದಿದೆ... ಅದೂ ಮೇಲೆ ಬಂದು ಬಾಯಿ ಬಾಯಿ ಬಿಡ್ತಿದೆ. ಅದೂ ಹೋದ್ರೆ ನಮ್ಮಪ್ಪ..."

ಮುಂದೆ ಹೇಳಲಾಗದೆ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು. ಬೀದಿಯ ಅರ್ಧಕ್ಕೆ ಬಂದಿರಬೇಕು, ಹಿಂದಿನಿಂದ ಬಕೆಟ್ಟಿನ ಸದ್ದು.

"ಮೇಡಂ, ನಿಲ್ಲಿ! ಉಳಿದಿರೋದನ್ನ ನೋಡೋಣ, ನಡೀರಿ."

ನಡುಹಗಲಲ್ಲಿ ಗಿರಾಕಿಗಳನ್ನು ಬಿಟ್ಟು ಓಡಿಬಂದಿದ್ದ. ಅವನ ಒದ್ದೆ ತೋಳಿನಿಂದ ರಸ್ತೆಯುದ್ದಕ್ಕೂ ನೀರು ತೊಟ್ಟಿಕ್ಕಿತ್ತು.

ಇವಳ ವಿಷಯ ಒಂದಿಷ್ಟು ಹೇಳಿಬಿಡಬೇಕು. ಆಸ್ಪತ್ರೆಯಲ್ಲಿ ಆಪರೇಷನ್‌ಗೆ ಬಳಸುವ ಕತ್ತರಿ, ಚಿಮಟಗಳನ್ನು ಎಣಿಸಿ, ಉಜ್ಜಿ, ಹಬೆಯಲ್ಲಿ ಬೇಯಿಸಿ ಶುದ್ಧಮಾಡುವ ಕೋಣೆ ಇವಳದು. ಅಲ್ಲಿನವರು ಇವಳನ್ನು 'ಕ್ಲೀನಕ್ಕ' ಎಂದೇ ಕರೆಯುತ್ತಾರೆ. ಹಿಂದಿನಿಂದ ಅಲ್ಲ, ಮುಖಕ್ಕೇ! ಅಮ್ಮ ಸತ್ತದ್ದು ಒಂದು ಸಣ್ಣ ಆಪರೇಷನ್ ಆದ ಮೇಲೆ, ಗಾಯಕ್ಕೆ ಸೋಂಕು ತಗುಲಿ. ಆಮೇಲೆ ಹುಡುಕಿಕೊಂಡು ಸೇರಿದ ಕೆಲಸ ಇದು. ಕೊಳೆ ಎಂದರೆ ಅವಳಿಗೆ ವೈರಿ. ಪ್ರೀತಿ ಎಂದರೆ ತೊಳೆಯುವುದು.

ಹೋದ ವರ್ಷ ಅಪ್ಪನಿಗೆ ಪಾರ್ಶ್ವವಾಯು ಬಡಿದು ಬಲಗೈ ಬಿದ್ದುಹೋಯಿತು, ಮಾತು ನಿಂತುಹೋಯಿತು. ಎದುರಿಗೆ ಏನಾದರೂ ಚಲಿಸುತ್ತಿರಲಿ ಎಂದು ಅವಳು ನಾಲ್ಕು ಗೋಲ್ಡ್‌ಫಿಶ್ ತಂದಿಟ್ಟಳು. ಒಂದು ಬೆಳಗ್ಗೆ, ದುಂಡು ಹೊಟ್ಟೆಯ ಕಿತ್ತಳೆ ಮೀನನ್ನು ನೋಡುತ್ತ ಅಪ್ಪ "ಗು..." ಎಂದರು. ಏಳು ತಿಂಗಳಲ್ಲಿ ಮೊದಲ ಸದ್ದು! ಅವತ್ತೇ ಮೀನಿಗೆ 'ಗುಂಡ' ಎಂದು ಹೆಸರಾಯಿತು. ಮಾತು ಕಲಿಸಲು ಬರುವ ಡಾಕ್ಟರಮ್ಮ ಕೂಡ, "ಈ ಮೀನನ್ನ ಜೋಪಾನ ಮಾಡಿ, ನಮ್ಮ ಪಾಠಕ್ಕಿಂತ ಇದೇ ವಾಸಿ" ಎಂದಿದ್ದರು.

ಜೋಪಾನ ಮಾಡುವುದು ಅವಳಿಗೆ ಹೇಳಿಕೊಡಬೇಕೇ? ಕಂಡಕಂಡದ್ದನ್ನೆಲ್ಲ ತೊಳೆದಳು.

ಮನೆಗೆ ಬಂದವನು ಗಾಜಿನ ನಳಿಗೆಯಲ್ಲಿ ತೊಟ್ಟಿಯ ನೀರು ತುಂಬಿ, ಎರಡು ಬಾಟಲಿಗಳಿಂದ ಹನಿ ಹನಿ ಔಷಧಿ ಬಿಟ್ಟ. ಐದು ನಿಮಿಷದಲ್ಲಿ ನೀರು ಕಡು ಹಸಿರಾಯಿತು.

"ಹಳದಿ ಇದ್ರೆ ಕ್ಷೇಮ. ಹಸಿರಾದ್ರೆ ಅಮೋನಿಯಾ. ಮೀನಿನ ಹೇಲು, ಉಚ್ಚೆಯಿಂದ ಬರೋ ವಿಷ ಅದು. ಗೋಲ್ಡ್‌ಫಿಶ್ ತಿನ್ನೋದೂ ಜಾಸ್ತಿ, ಗಲೀಜು ಮಾಡೋದೂ ಜಾಸ್ತಿ."

"ಅದಕ್ಕೇ ಅಲ್ವಾ ತೊಳೆಯೋದು!"

"ಆ ವಿಷಾನ ತಿನ್ನೋ ಒಳ್ಳೇ ಸೂಕ್ಷ್ಮಜೀವಿಗಳು ಫಿಲ್ಟರ್ ಸ್ಪಂಜಲ್ಲಿ ಮನೆ ಮಾಡ್ಕೊಂಡಿರ್ತವೆ, ಮೇಡಂ. ನೀವು ಭಾನುವಾರ ಭಾನುವಾರ ಆ ಮನೆ ಸುಟ್ಟಿದ್ದೀರಿ."

ಅವಳು ತೊಟ್ಟಿಯ ಕಡೆ ತಿರುಗಿದಳು. ಗಾಜಿನೊಳಗೆ ಗುಂಡ ರೆಕ್ಕೆ ಮುದುಡಿಕೊಂಡು ಮೇಲೆ ತೇಲುತ್ತಿದ್ದ. ಬಾಲದಲ್ಲಿ ನೆತ್ತರಿನಂಥ ಸಣ್ಣ ಗೆರೆಗಳು. ಅಪ್ಪ ಎಡಗೈ ಬೆರಳಿನಿಂದ ಗಾಜನ್ನು ಮೂರು ಸಲ ತಟ್ಟಿದರು. ಸತ್ತುಹೋದ ಮೂರೂ ಆ ಸದ್ದಿಗೆ ದಿಕ್ಕಾಪಾಲಾಗುತ್ತಿದ್ದವು, ಗುಂಡ ಮಾತ್ರ ಬರುತ್ತಿದ್ದ. ಈಗಲೂ ಬಂದ, ಒದ್ದಾಡಿಕೊಂಡು.

ಅಂಗಡಿಯವನು ಅಪ್ಪನ ಕುರ್ಚಿಯ ಮುಂದೆ ಕುಕ್ಕರುಗಾಲಲ್ಲಿ ಕೂತ.

"ಯಜಮಾನ್ರೇ, ನನ್ನ ಅಂಗಡೀಲಿ ಹಳೇ ಫಿಲ್ಟರ್ ಇರೋ ತೊಟ್ಟಿ ಇದೆ. ಇವನನ್ನ ಅಲ್ಲಿಟ್ಟು ವಾಸಿ ಮಾಡ್ಕೊಂಡು ಬರ್ತೀನಿ. ಇಪ್ಪತ್ತು ದಿನ ಟೈಮ್ ಕೊಡಿ. ವಾಪಸ್ ತರೋದು ನನ್ನ ಜವಾಬ್ದಾರಿ."

ಅಪ್ಪ ಬಹಳ ಹೊತ್ತು ಅವನ ಮುಖ ನೋಡಿದರು. ಆಮೇಲೆ ತಲೆಯಾಡಿಸಿದರು. 'ನನ್ನನ್ನು ಬಿಟ್ಟರೆ ಎಲ್ಲರೂ ಅಪ್ಪನ ಜೊತೆ ಜೋರಾಗಿ, ಮಗುವಿನ ಜೊತೆ ಮಾತಾಡಿದಂತೆ ಮಾತಾಡುತ್ತಾರೆ. ಇವನು ಮಾತ್ರ...' ಎಂದುಕೊಂಡಳು. ಕೋಪ ಇನ್ನೂ ಇತ್ತು. ಆದರೆ ಮೊದಲಿನಷ್ಟು ಬಿಸಿಯಿರಲಿಲ್ಲ.

ಮರುದಿನ ಸಂಜೆ ಅವನು ಒಂದು ಉಡುಗೊರೆ ತಂದ. ಹೂವಲ್ಲ, ಸೀರೆಯಲ್ಲ. ಕಂದುಬಣ್ಣದ, ಲೋಳೆಲೋಳೆಯಾದ, ಕೊಳೆತ ಕೆರೆಯ ವಾಸನೆಯ ಒಂದು ಹಳೇ ಸ್ಪಂಜು!

"ಇದನ್ನ ನಮ್ಮನೆ ಒಳಗೆ ತರ್ಬೇಡಿ!" ಎಂದು ಅವಳು ಬಾಗಿಲಿಗೆ ಅಡ್ಡ ನಿಂತಳು.

"ನನ್ನ ಅಂಗಡಿಯ ಎಲ್ಲಕ್ಕಿಂತ ಒಳ್ಳೇ ಸ್ಪಂಜು, ಮೇಡಂ. ಮೂರು ವರ್ಷ ಸಾಕಿದ್ದೀನಿ."

"ಸ್ಪಂಜನ್ನ ಸಾಕಿದ್ದೀರಾ?"

"ಹೂಂ. ನಲ್ಲಿ ನೀರು ಸೋಕಿಸ್ಬೇಡಿ, ಅದರಲ್ಲಿರೋ ಕ್ಲೋರಿನ್ ಸಾಕು ಸ್ಪಂಜಲ್ಲಿರೋ ಜೀವಿಗಳನ್ನ ಕೊಲ್ಲೋಕೆ. ತೀರಾ ಕಟ್ಟಿಕೊಂಡ್ರೆ ತೊಟ್ಟಿಯಿಂದ ತೆಗೆದ ನೀರಲ್ಲೇ ಒಂಚೂರು ಹಿಂಡಿ. ವಾರಕ್ಕೊಮ್ಮೆ ಕಾಲುಭಾಗ ನೀರು ಮಾತ್ರ ಬದಲಾಯಿಸಿ, ಅದೂ ಹಿಂದಿನ ದಿನವೇ ಹಿಡಿದಿಟ್ಟ ನೀರು. ಮೀನಿಲ್ಲದಿದ್ರೂ ಚಿಟಿಕೆ ಆಹಾರ ಹಾಕ್ತಿರಿ. ಪಾಪ, ಇವೂ ಉಪವಾಸ ಬೀಳಬಾರ್ದಲ್ಲ."

ಆ ಭಾನುವಾರ ಅವಳು ಪಟ್ಟ ಪಾಡು ಅವಳಿಗೇ ಗೊತ್ತು. ಸ್ಪಂಜಿನ ಹತ್ತಿರ ಹತ್ತು ಸಲ ಹೋದಳು, ಹತ್ತು ಸಲ ವಾಪಸ್ ಬಂದಳು. ಕೊನೆಗೆ ಸಿಟ್ಟು ತೀರಿಸಿಕೊಳ್ಳಲು ಮನೆಯ ಕಿಟಕಿಗಳನ್ನೆಲ್ಲ ಎರಡೆರಡು ಸಲ ಒರೆಸಿದಳು. ಅಪ್ಪ ಕುರ್ಚಿಯಲ್ಲಿ ಕೂತು ಮೀಸೆಯಡಿ ನಗುತ್ತಿದ್ದರು.

ಅವನು ದಿನಾ ಸಂಜೆ ನಳಿಗೆ ಹಿಡಿದುಕೊಂಡು ಬಂದ. ಗುಂಡನ ಸುದ್ದಿ ಹೇಳಿದ. ಇವತ್ತು ಕೆಳಗೆ ಈಜಿದ, ಇವತ್ತು ತಿಂದ, ಇವತ್ತು ಪಕ್ಕದ ತೊಟ್ಟಿಯ ಮೀನಿನ ಮೇಲೆ ಕಣ್ಣು ಹಾಕಿದ... ಬೀದಿಯವರೆಲ್ಲ ಅವನನ್ನು 'ಮೀನಣ್ಣ' ಎನ್ನುತ್ತಿದ್ದರು. ಅವಳು ಒಂದೆರಡು ಸಲ ಹಾಗೆ ಕರೆಯಲು ನೋಡಿದಳು. ಯಾಕೋ 'ಅಣ್ಣ' ಎನ್ನುವುದು ಗಂಟಲಲ್ಲೇ ಸಿಕ್ಕಿಕೊಂಡಿತು. ಯಾಕೆಂದು ನಮಗೆ ಗೊತ್ತು, ಅವಳಿಗೆ ಗೊತ್ತಾಗಲು ಇನ್ನೂ ಕೆಲವು ದಿನ ಬೇಕಿತ್ತು.

ಒಂದು ಸಂಜೆ ನಳಿಗೆಯ ನೀರಿನ ಬಣ್ಣ ತಿರುಗಲೆಂದು ಇಬ್ಬರೂ ಕಾಯುತ್ತಿದ್ದಾಗ ಅವಳು ಇದ್ದಕ್ಕಿದ್ದಂತೆ ಕೇಳಿದಳು.

"ಆ ಮೂರು ಮೀನಿಗೆ... ತುಂಬಾ ನೋವಾಗಿರುತ್ತಾ?"

ಅವನು ನಳಿಗೆಯನ್ನು ಬೆಳಕಿಗೆ ಹಿಡಿದ.

"ಅಮ್ಮನ್ನ ಕೊಳೆ ಕೊಂದಿತು ಅಂತ ಇಷ್ಟು ವರ್ಷ ಕೊಳೆ ಮೇಲೆ ಹಗೆ ಸಾಧಿಸಿದೆ. ಈಗ ನೋಡಿದ್ರೆ ಇವನ್ನ ಕೊಂದಿದ್ದು ನನ್ನ ಕೈ..." ಬ್ಲೀಚಿಂಗ್ ಪೌಡರಿಗೆ ಬಿರುಕು ಬಿಟ್ಟ ಅಂಗೈಗಳಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿಬಿಕ್ಕಿ ಅತ್ತಳು.

ಅವನು ನಳಿಗೆಯನ್ನು ಕೆಳಗಿಟ್ಟ. 'ಮೊದಲ ದಿನವೇ ಆ ಮಾತು ಅಂದವನು ನಾನು. ಇನ್ನು ಸತ್ತರೂ ಇವಳ ಮುಂದೆ ಈ ವಿಷಯ ಎತ್ತುವುದಿಲ್ಲ' ಎಂದು ಮನಸ್ಸಿನಲ್ಲೇ ಆಣೆ ಮಾಡಿಕೊಂಡ. ಒಳ್ಳೆಯ ಆಣೆಯೇ. ಆದರೆ ಮುಂದಿನ ಅವಾಂತರಕ್ಕೆಲ್ಲ ಅದೇ ಮೂಲವಾಯಿತು.

ಇಪ್ಪತ್ತನೆಯ ದಿನ, ಶನಿವಾರ ಸಂಜೆ, ಗುಂಡ ಮನೆಗೆ ಬಂದ. ನೀರು ತುಂಬಿದ ಚೀಲವನ್ನು ತೊಟ್ಟಿಯಲ್ಲಿ ಅರ್ಧ ಗಂಟೆ ತೇಲಿಸಿಟ್ಟು ಆಮೇಲೆ ಮೀನನ್ನು ಬಿಟ್ಟರು. ಅವಳು ಹತ್ತಿರ ಹೋಗಿ ನೋಡಿದಳು.

ರೆಕ್ಕೆಯ ಅಂಚಿನಲ್ಲಿ ಕಪ್ಪು. ಬಾಲದ ತುದಿಯಲ್ಲಿ ಕಪ್ಪು. ಬೆನ್ನ ಮೇಲೂ ಮಸಿ ಒರೆಸಿದಂತೆ ಎರಡು ಕಲೆ.

ಗುಂಡನ ಮೈಮೇಲೆ ಒಂದು ಕಪ್ಪು ಚುಕ್ಕೆಯೂ ಇರಲಿಲ್ಲ! ನೂರಾರು ಚಿಮಟಗಳ ನಡುವೆ ಬದಲಾದ ಒಂದನ್ನು ಗುರುತಿಸುವ ಕಣ್ಣು ಅವಳದು.

"ಇದು ನಮ್ಮ ಗುಂಡ ಅಲ್ಲ."

"ಗುಂಡನೇ, ಮೇಡಂ."

"ಹಾಗಾದ್ರೆ ಈ ಕಪ್ಪು ಎಲ್ಲಿಂದ ಬಂತು?"

ಅವನು ಬಾಯಿ ತೆರೆದ. ಅವಳ ಬಿರುಕು ಬಿಟ್ಟ ಕೈಗಳನ್ನು ನೋಡಿದ. ಬಾಯಿ ಮುಚ್ಚಿಕೊಂಡ.

"...ಬರತ್ತೆ, ಕೆಲವು ಸಲ."

"ನಿಜ ಹೇಳಿ. ಗುಂಡ ಸತ್ತುಹೋದ, ಅದಕ್ಕೆ ಅದೇ ಥರದ್ದು ಬೇರೆ ತಂದಿದ್ದೀರಿ. ಹೌದು ತಾನೇ?"

"ಇಲ್ಲ. ಅಷ್ಟು ನಂಬಿ."

"ಹೇಗೆ ನಂಬ್ಲಿ? ಕಾರಣ ಕೇಳಿದ್ರೆ ನೆಲ ನೋಡ್ತೀರಿ! ನನಗೆ ಮೋಸ ಮಾಡಿದ್ರೆ ಸಹಿಸ್ಕೊಂಡಿರ್ತಿದ್ದೆ. ಬಾಯಿ ಬಿಟ್ಟು ಕೇಳಕ್ಕಾಗದ ಮನುಷ್ಯನಿಗೆ ಮೋಸ ಮಾಡ್ತೀರಲ್ಲ... ಹೋಗಿ. ಇನ್ನು ಬರ್ಬೇಡಿ."

ಅವನು ಖಾಲಿ ಚೀಲ ಮಡಚಿಕೊಂಡು ಹೊರಟುಹೋದ. ಒಮ್ಮೆ ತಿರುಗಿ ನೋಡಿದ್ದರೆ ಅವಳ ಕಣ್ಣು ತುಂಬಿದ್ದು ಕಾಣುತ್ತಿತ್ತು. ನೋಡಲಿಲ್ಲ.

ಮರುದಿನ ಭಾನುವಾರ. ಎದ್ದಾಗಿನಿಂದ ಅವಳ ಕೈ ಸುಮ್ಮನಿರಲಿಲ್ಲ. 'ಅವನೇ ಬೇಡ ಎಂದಾದ ಮೇಲೆ ಅವನ ಕೊಳೆ ನನ್ನ ಮನೆಯಲ್ಲೇಕೆ?' ಫಿಲ್ಟರ್ ಬಿಚ್ಚಿ, ಆ ಕಂದು ಸ್ಪಂಜನ್ನು ಕಿತ್ತುಕೊಂಡು ಸೀದಾ ಬಚ್ಚಲಿಗೆ ಹೋದಳು. ನಲ್ಲಿಯ ಮೇಲೆ ಕೈಯಿಟ್ಟಳು.

"ಬೇಡ!"

ಯಾರದು ಆ ದನಿ? ಅಪ್ಪನನ್ನು ಬಿಟ್ಟರೆ ಮನೆಯಲ್ಲಿ ಇನ್ನೊಬ್ಬರಿಲ್ಲವಲ್ಲ...

ಓಡಿಬಂದಳು. ಅಪ್ಪ ಎಡಗೈಯನ್ನು ಕುರ್ಚಿಗೆ ಊರಿ ಅರ್ಧ ಎದ್ದಿದ್ದರು.

"ಅಪ್ಪಾ! ಮಾತಾಡಿದ್ರಾ? ಏನಂದ್ರಿ? ಇನ್ನೊಂದು ಸಲ..."

"ಬೇ...ಡ." ಅಪ್ಪ ಅವಳ ಕೈಯಲ್ಲಿದ್ದ ಸ್ಪಂಜನ್ನು ತೋರಿಸಿದರು. ಆಮೇಲೆ ತೊಟ್ಟಿಯನ್ನು. "ನಮ್ಮ... ಗುಂಡ."

ಬೆರಳು ಮಡಚಿ ಗಾಜನ್ನು ಮೂರು ಸಲ ತಟ್ಟಿದರು. ಕಪ್ಪು ಕಲೆಯ ಮೀನು ಬಾಲವಾಡಿಸುತ್ತ ನೇರ ಅವರ ಬೆರಳಿನ ಹತ್ತಿರ ಬಂದು ನಿಂತಿತು. ಹೆದರಲಿಲ್ಲ, ಓಡಲಿಲ್ಲ. ಗುಂಡ. ಗುಂಡನೇ!

ಸ್ಪಂಜನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅವಳು ಅಲ್ಲೇ ಕುಸಿದು ಕೂತಳು. ಅಳುತ್ತಲೇ ಅದನ್ನು ಫಿಲ್ಟರಿಗೆ ತುರುಕಿ, ಮುಚ್ಚಳ ಹಾಕಿ, ಸ್ವಿಚ್ ಒತ್ತಿದಳು. ಗುಳ್ಳೆಗಳೆದ್ದವು. ಅಪ್ಪ ಬಾಗಿಲಿನತ್ತ ಕೈ ತೋರಿಸಿದರು. ಹೋಗು ಎಂಬಂತೆ.

ಕೈ ತೊಳೆಯದೆಯೇ ಓಡಿದಳು. ಕ್ಲೀನಕ್ಕನ ಜನ್ಮದಲ್ಲೇ ಇದು ಮೊದಲು!

ಅವನು ಅಂಗಡಿಯ ಮೂಲೆಯಲ್ಲಿ ಸುಮ್ಮನೆ ಕೂತಿದ್ದ. ಅವಳನ್ನು ಕಂಡು ಎದ್ದ.

"ಗುಂಡನಿಗೆ ಏನಾಯ್ತು?"

"ಏನೂ ಆಗಿಲ್ಲ. ಅಪ್ಪ ಮಾತಾಡಿದ್ರು! ನಮ್ಮ ಗುಂಡ ಅಂದ್ರು! ಈಗ ನೀವು ಮಾತಾಡಿ. ಆ ಕಪ್ಪು ಏನು?"

"ಬಿಡಿ, ಮೇಡಂ..."

"ಹೇಳ್ತೀರೋ ಇಲ್ವೋ?"

ಅವನು ನಿಟ್ಟುಸಿರಿಟ್ಟ.

"ಅಮೋನಿಯಾ ಮೈಯನ್ನ ಸುಡತ್ತೆ. ಸುಟ್ಟ ಗಾಯ ಮಾಯೋವಾಗ ಗೋಲ್ಡ್‌ಫಿಶ್ ಹಾಗೆ ಕಪ್ಪಾಗತ್ತೆ. ವಾಸಿ ಆಗ್ತಿದೆ ಅನ್ನೋ ಗುರುತು ಅದು. ಕೆಲವು ವಾರಕ್ಕೆ ತಾನಾಗೇ ಹೋಗತ್ತೆ."

ಅವಳು ತನ್ನ ಅಂಗೈ ನೋಡಿಕೊಂಡಳು.

"ಅಂದ್ರೆ, ನಾನು ಮಾಡಿದ ಗಾಯ."

"ಅದಕ್ಕೇ ಹೇಳ್ಲಿಲ್ಲ. ಅವತ್ತು ನೀವು ಅತ್ತಿದ್ದು ನೋಡಿದ್ನಲ್ಲ. ಮೋಸಗಾರ ಅನ್ನಿಸ್ಕೊಳ್ಳೋದೇ ಹಗುರ ಅನ್ನಿಸ್ತು. ತಪ್ಪು ನಂದೂ ಇದೆ. ಹೇಗೆ ನೋಡ್ಕೋಬೇಕು ಅಂತ ಒಂದು ಮಾತೂ ಹೇಳದೆ ನಾಲ್ಕು ಮೀನು ಚೀಲಕ್ಕೆ ಹಾಕಿ ಕೊಟ್ಟವನು ನಾನೇ ತಾನೇ? ಕೊಂದಿದ್ದು ನೀವೇ ಅಂತ ಬೇರೆ ಅಂದೆ. ನನ್ನನ್ನ ಕ್ಷಮಿಸಿ."

"ನೀವೂ ನನ್ನ ಕ್ಷಮಿಸ್ಬೇಕು. ಬಾಯಿಗೆ ಬಂದ ಹಾಗೆ ಅಂದುಬಿಟ್ಟೆ." ಕಣ್ಣೊರೆಸಿಕೊಂಡಳು. "ಆದ್ರೆ ಇನ್ಮೇಲೆ ನನ್ನ ಹತ್ರ ಏನೂ ಮುಚ್ಚಿಡಬಾರ್ದು. ನೋವಾದ್ರೂ ಪರವಾಗಿಲ್ಲ, ನಿಜಾನೇ ಹೇಳ್ಬೇಕು."

"ಹಾಗಾದ್ರೆ ಇನ್ನೊಂದು ನಿಜ ಇದೆ." ಅವನ ಮುಖ ಗುಂಡನ ಬಣ್ಣಕ್ಕೆ ತಿರುಗಿತ್ತು. "ನಿಮ್ಮ ಟ್ಯಾಂಕ್ ನೀರು ಸರಿಹೋಗಿ ಹತ್ತು ದಿನ ಆಗಿತ್ತು. ಪರೀಕ್ಷೆ ಮಾಡೋ ಅಗತ್ಯಾನೇ ಇರ್ಲಿಲ್ಲ. ಸುಮ್ಮನೆ ನಳಿಗೆ ಹಿಡ್ಕೊಂಡು ಬರ್ತಿದ್ದೆ... ನಿಮ್ಮನ್ನ ನೋಡ್ಬೇಕಿತ್ತು. ದಿನಾ ನೋಡ್ಬೇಕಿತ್ತು. ಈಗಲೂ ಅಷ್ಟೇ."

ಅಳುವಿನ ನಡುವೆಯೇ ಅವಳಿಗೆ ನಗು ಬಂತು.

"ಹಳದಿ ಬಣ್ಣ ಯಾವುದು ಅಂತ ನನಗೂ ಗೊತ್ತಾಗತ್ತೆ, ರೀ. ಹತ್ತು ದಿನದಿಂದ ಅದು ಹಳದೀನೇ ಇತ್ತು."

"ಗೊತ್ತಿದ್ದೂ ಸುಮ್ನಿದ್ರಾ?"

"ಹೇಳಿದ್ರೆ ನೀವು ಬರೋದು ನಿಲ್ಲಿಸಿಬಿಟ್ರೆ?"

ಅವನು ಮೆಲ್ಲಗೆ ಅವಳ ಒರಟು ಅಂಗೈಯನ್ನು ತನ್ನ ತಣ್ಣನೆ ಕೈಯೊಳಗೆ ತೆಗೆದುಕೊಂಡ. ಅವಳು ಬಿಡಿಸಿಕೊಳ್ಳಲಿಲ್ಲ.

"ಯಜಮಾನ್ರನ್ನ ಕೇಳ್ತೀನಿ. ಇವತ್ತೇ. ಮಗಳನ್ನ ಕೊಡ್ತೀರಾ ಅಂತ."

"ಅವಸರ ಮಾಡಂಗಿಲ್ಲ. ಅವರಿಗೆ ಒಂದು ಮಾತು ಹೊರಡೋಕೆ ತುಂಬಾ ಹೊತ್ತು ಹಿಡಿಯತ್ತೆ."

"ಹಿಡೀಲಿ. ಅವರು ಹೂಂ ಅನ್ನೋವರೆಗೂ ಕುರ್ಚಿ ಮುಂದೆ ಕೂತಿರ್ತೀನಿ."

"ಸಂಜೆ ಆದ್ರೆ?"

"ಆಗ್ಲಿ."

"ಮತ್ತೆ ನನ್ನನ್ನ ಕೇಳೋದೇ ಇಲ್ವಾ?"

"ಕೇಳ್ದೆ ಅಂತಿಟ್ಕೊಳ್ಳಿ. ಏನಂತೀರಿ?"

"ಹೂಂ," ಎಂದಳು ಅವಳು. ಅವಳಿಗೆ ಹೊತ್ತೇ ಹಿಡಿಯಲಿಲ್ಲ.