ಪೈಲ್ವಾನರ ಕೈಗೆ ಸಿಕ್ಕ ಟ್ರೈಪಾಡ್

"ಎಳೀರಿ ಭಾವ! ಇನ್ನೂ ಜೋರಾಗಿ!"

ಒಂದು ತುದಿಯಲ್ಲಿ ಮಾವ, ಇನ್ನೊಂದು ತುದಿಯಲ್ಲಿ ಅಪ್ಪ. ನಡುವೆ ಪಾಪದ ಟ್ರೈಪಾಡ್, ಅಂದರೆ ಕ್ಯಾಮೆರಾ ನಿಲ್ಲಿಸುವ ಮೂರು ಕಾಲಿನ ಸ್ಟ್ಯಾಂಡ್. ಮಾವ ಅದನ್ನು ಸೆಕೆಂಡ್‌ಹ್ಯಾಂಡ್ ಅಂಗಡಿಯಿಂದ ತಂದಿದ್ದ. ಬರುವಾಗಲೇ ಎರಡು ಕಾಲು ಉದ್ದಕ್ಕೆ ಚಾಚಿದ್ದವು. ಮೂರನೆಯದು ಮಾತ್ರ ಜಪ್ಪಯ್ಯ ಎಂದರೂ ಹೊರಗೆ ಬರಲಿಲ್ಲ.

"ಮಾವ, ಕಚಗುಳಿ ಇಟ್ಟು ನೋಡು, ಬಿಡುತ್ತೆ," ಎಂದಳು ಚಿನಕುರಳಿ. ಐದನೇ ಕ್ಲಾಸಿನ ಈ ಹುಡುಗಿಯ ಬಾಯಿ ನೋಡಿಯೇ ಮನೆಯವರು ಆ ಹೆಸರಿಟ್ಟಿದ್ದರು.

"ಮೊದಲು ನಿನ್ನ ಬಾಯಿಗೆ ಬೀಗ ಹಾಕ್ತೀನಿ!"

ಅಕ್ಕ ಸಂಜೆಯ ಬಸ್ಸಿಗೆ ಹಾಸ್ಟೆಲ್‌ಗೆ ಹೊರಡುವವಳು. ಅಲ್ಲಿ ಮಂಚದ ಪಕ್ಕ ಅಂಟಿಸಲು ಅವಳಿಗೆ ಎಲ್ಲರೂ ಇರುವ ಒಂದು ಫೋಟೋ ಬೇಕು. ಮನೆಯಲ್ಲಿ ಫೋಟೋಗಳು ರಾಶಿ ಬಿದ್ದಿವೆ, ಆದರೆ ಒಂದರಲ್ಲೂ ಅಮ್ಮ ಇಲ್ಲ. ತೆಗೆಯುವವಳೇ ಅವಳು. ಅಪ್ಪ ತೆಗೆದರೆ ಎಲ್ಲರ ತಲೆ ಹಾರಿಹೋಗುತ್ತದೆ. ಸೆಲ್ಫಿ ತೆಗೆದರೆ ಮಾವನ ಮೂಗೇ ಅರ್ಧ ಫೋಟೋ.

"ಬಿಡಿ, ನಾನೇ ತೆಗೀತೀನಿ. ಎಲ್ಲರೂ ನಿಂತ್ಕೊಳ್ಳಿ," ಎಂದಳು ಅಮ್ಮ.

ಅಕ್ಕನ ಮುಖ ಸಣ್ಣದಾಯಿತು. ಚಿನಕುರಳಿಗೆ ಸಿಟ್ಟೇ ಬಂತು.

"ಬಾಟಲಿ ಮುಚ್ಚಳದ ಥರ ಎಡಕ್ಕೇ ತಿರುಗಿಸ್ತಾ ಇದ್ದೀನಲ್ಲ!" ಅಪ್ಪ ಟ್ರೈಪಾಡನ್ನು ನೆಟ್ಟಗೆ ನಿಲ್ಲಿಸಿ, ಕಾಲನ್ನು ಬಿಗಿಹಿಡಿಯುವ ಬಳೆಯನ್ನು ಮತ್ತೆ ತಿರುಗಿಸಿದ.

ಚಿನಕುರಳಿ ಆ ಬಳೆಯನ್ನೇ ನೋಡಿದಳು. ನೀರಿನ ಬಾಟಲಿ ತಂದು ತಲೆಕೆಳಗು ಹಿಡಿದಳು. ಮೇಲಿನಿಂದ ನೋಡುತ್ತಾ ಮುಚ್ಚಳವನ್ನು ಎಡಕ್ಕೆ ತಿರುಗಿಸಿದಳು. ಅದು ಇನ್ನೂ ಬಿಗಿಯಾಯಿತು. ಬಲಕ್ಕೆ ತಿರುಗಿಸಿದಳು. ನೀರೆಲ್ಲ ಮಾವನ ಪಾದದ ಮೇಲೆ!

"ಏಯ್!"

"ಮಾವ, ಈ ಬಾಟಲಿ ಥರಾನೇ ಆ ಬಳೆಯ ಬಾಯಿನೂ ಇರೋದು ಕೆಳಗೆ! ಬೆಳಗ್ಗಿಂದ ನೀವಿಬ್ರೂ ಬಿಗಿ ಮಾಡ್ತಾನೇ ಇದ್ದೀರ!"



ಇಬ್ಬರು ಪೈಲ್ವಾನರೂ ಸೇರಿ ಟ್ರೈಪಾಡನ್ನು ತಲೆಕೆಳಗು ಮಾಡಿದರು. ಕೈ ಜಾರದಂತೆ ಅಪ್ಪ ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಹಾಕಿಕೊಂಡ. ಬಳೆ ಕಿರ್ರೆಂದು ಸಡಿಲವಾಯಿತು. ಕಾಲು ಸರ್ರನೆ ಹೊರಬಂತು.

ಟ್ರೈಪಾಡ್ ಮೇಲೆ ಕ್ಯಾಮೆರಾ ಕೂರಿಸಿ, ಟೈಮರ್ ಒತ್ತಿ ಎಲ್ಲರೂ ಸಾಲಾಗಿ ನಿಂತರು. ಅಮ್ಮನಿಗೆ ಸುಮ್ಮನೆ ನಿಂತು ಗೊತ್ತೇ ಇಲ್ಲ. "ರೀ, ಸ್ವಲ್ಪ ಈಚೆ ಬನ್ನಿ. ಇವಳ ಕೂದಲು ನೋಡು..." ಕ್ಲಿಕ್!

ಫೋಟೋದಲ್ಲಿ ಎಲ್ಲರೂ ಹಲ್ಲು ಕಿರಿದಿದ್ದರು. ಅಮ್ಮ ಮಾತ್ರ ಪಕ್ಕಕ್ಕೆ ತಿರುಗಿ ಅಕ್ಕನ ಕೂದಲನ್ನು ಕಿವಿಯ ಹಿಂದೆ ಸೇರಿಸುತ್ತಿದ್ದಳು.

"ಅಯ್ಯೋ, ನನ್ನ ಮುಖ ಅರ್ಧಾನೇ ಬಂದಿದೆ. ಇನ್ನೊಂದು ತೆಗೆಯೋಣ," ಎಂದಳು ಅಮ್ಮ.

ಚಿನಕುರಳಿಗೆ ಒಂದು ತಮಾಷೆ ನಾಲಿಗೆ ತುದಿಗೇ ಬಂತು. ಆದರೆ ಅಕ್ಕ ಕ್ಯಾಮೆರಾ ಬಿಟ್ಟುಕೊಡದೆ ಆ ಅರ್ಧ ಮುಖವನ್ನೇ ನೋಡುತ್ತಿದ್ದಳು. ಅವಳ ಕಣ್ಣು ತುಂಬಿತ್ತು. ಚಿನಕುರಳಿ ತಮಾಷೆಯನ್ನು ನುಂಗಿಕೊಂಡಳು.

"ಮಾವ, ಕಾಲು ಮಡಚು," ಎಂದಳು ಮೆಲ್ಲಗೆ. "ಫೋಟೋ ಆಯ್ತು."