ಇಲ್ಲ ಅನ್ನದ ದಿನ

ಸೂರ್ಯಕಾಂತ ಬೇಕಂತಲೇ ಟ್ರ್ಯಾಕ್ಟರನ್ನು ದಾರಿಗೆ ಅಡ್ಡ ನಿಲ್ಲಿಸಿದ್ದ. ಕಂಪನಿಯ ಜೀಪಿನಿಂದ ಇಳಿದ ಆಮ್ರಪಾಲಿಗೆ ಮೈಯೆಲ್ಲ ಉರಿದುಹೋಯಿತು.

“ಟ್ರ್ಯಾಕ್ಟರ್ ಬಾಜೂಕ ತಗೀರಿ.”

“ಸ್ಟಾರ್ಟ್ ಆಗವಲ್ದು, ಮೇಡಂ.”

“ನಿನ್ನೀನೂ ಇದೇ ಹೇಳಿದ್ರಿ!”

“ನಿನ್ನೀನೂ ನೀವೇ ಬಂದಿದ್ರಿ. ನಿಮ್ಮ ಮಾರಿ ನೋಡಿದ್ರ ಸಾಕು, ಬಂದ್ ಬೀಳ್ತದ.”

ಅವನು ಮೀಸೆಯಲ್ಲೇ ನಕ್ಕ. ಆ ನಗು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಕಾಣದ ದಿನ ಊಟ ರುಚಿಸುತ್ತಿರಲಿಲ್ಲ. ಇದನ್ನು ಯಾರ ಮುಂದೆ ಹೇಳಿಕೊಳ್ಳುವುದು?

ಕೊರಿಯಾದ ಕಂಪನಿಯೊಂದು ಹುಮನಾಬಾದಿನಲ್ಲಿ ಆಫೀಸು ಮಾಡಿ, ಬಸವಕಲ್ಯಾಣದ ಕಡೆಗೆ ದೊಡ್ಡ ಕರೆಂಟಿನ ಲೈನು ಎಳೆಯುತ್ತಿತ್ತು. ರೈತರನ್ನು ಒಪ್ಪಿಸುವ ಕೆಲಸ ಮಂಠಾಳದ ಆಮ್ರಪಾಲಿಯದು. ಮೋರಖಂಡಿಯ ಈ ಸೂರ್ಯಕಾಂತನೊಬ್ಬನನ್ನು ಬಿಟ್ಟು ಎಲ್ಲರೂ ಒಪ್ಪಿದ್ದರು. ಟವರು ಬರಬೇಕಾದದ್ದು ಅವನ ಬಾವಿಯ ಪಕ್ಕಕ್ಕೇ.

“ಪರದೇಶದವ್ರು ಭಾಳ ಶಾಣ್ಯಾ ಇದ್ದಾರ,” ಅಂದ. “ಮುಂದ ನಮ್ಮ ಕಡಿ ಹುಡುಗೀನ ನಿಂದ್ರಸ್ತಾರ, ಹಿಂದಿಂದ ಜೆಸಿಬಿ ತರ್ತಾರ.”

ಆ ಮಾತು ಅವಳಿಗೆ ನಾಟಿತು. ಸುಳ್ಳಾಗಿದ್ದರೆ ನಾಟುತ್ತಿರಲಿಲ್ಲ.

ಕಂಪನಿಯ ಸಾಹೇಬ ಹಾನ್ ಹಲವು ದೇಶಗಳಲ್ಲಿ ಲೈನು ಎಳೆದು ಬಂದವನು. ಪರದೇಶದಲ್ಲಿ ಗೆಲ್ಲಬೇಕಾದರೆ ಆ ಊರಿನ ಪದ್ಧತಿ ಕಲಿಯಬೇಕು ಎಂಬುದು ಅವನ ಮಂತ್ರ. ಎಳ್ಳ ಅಮಾವಾಸ್ಯೆಯ ದಿನ ಹೊಲಕ್ಕೆ ಬಂದವರಿಗೆ ಸೂರ್ಯಕಾಂತನ ಮನೆಯವರು ‘ಇಲ್ಲ’ ಅನ್ನುವುದಿಲ್ಲ ಎಂದು ಡ್ರೈವರ್ ಯುನೂಸ್ ಬಾಯಿಬಿಟ್ಟದ್ದೇ ತಡ, ಸಾಹೇಬ ಕೂತಲ್ಲೇ ನೆಟ್ಟಗಾಗಿ ಆಮ್ರಪಾಲಿಯ ಕಡೆ ತಿರುಗಿದ.

“ಅವತ್ತೇ ಹೋಗಿ ಕೇಳು. ಹೂಂ ಅಂದರೆ ನಿನ್ನ ಕೆಲಸ ಪರ್ಮನೆಂಟ್. ಇಲ್ಲದಿದ್ದರೆ ಬೇರೆ ಕೆಲಸ ನೋಡಿಕೋ.”

ಅಮಾವಾಸ್ಯೆಯ ದಿನ ಟ್ರ್ಯಾಕ್ಟರು ಅಡ್ಡ ಇರಲಿಲ್ಲ. ಹಾನ್ ಜೆಸಿಬಿಯ ಜೊತೆ ರಸ್ತೆಯಲ್ಲೇ ನಿಂತ, ಆಮ್ರಪಾಲಿ ಒಬ್ಬಳೇ ಹೊಲಕ್ಕೆ ಇಳಿದಳು. ಬೆಳೆದು ನಿಂತ ಜೋಳದ ನಡುವೆ ಪೂಜೆ ಮುಗಿಸಿ, ಭೂತಾಯಿಗೆ ನೈವೇದ್ಯದ ಚರಗ ಚೆಲ್ಲಿ, ಮನೆಯವರೆಲ್ಲ ಊಟಕ್ಕೆ ಕೂತಿದ್ದರು.

ತಟ್ಟೆ ಹಿಡಿದಿದ್ದ ಸೂರ್ಯಕಾಂತನ ತಾಯಿ ದ್ರೌಪತಿ ಆಮ್ರಪಾಲಿಯನ್ನು ಕಂಡು ಒಂದು ಗಳಿಗೆ ಬದುವಿನ ಕಡೆ ನೋಡಿದಳು. ಆಮ್ರಪಾಲಿಯ ಅಜ್ಜಿ ಇದೇ ಹೊಲದಲ್ಲಿ ಕಳೆ ತೆಗೆದವಳು. ಜಾತಿಯ ಕಾರಣಕ್ಕೆ ಹಬ್ಬದ ಊಟ ಅವಳಿಗೆ ಸಿಗುತ್ತಿದ್ದದ್ದು ಬದುವಿನ ಮೇಲೆ. ಆಮ್ರಪಾಲಿ ಒಂದು ಹೆಜ್ಜೆ ಹಿಂದೆ ಸರಿದಳು. ಸೂರ್ಯಕಾಂತ ಎದ್ದು ಬಂದು ತಾಯಿಯ ಕೈಯಿಂದ ತಟ್ಟೆ ಕಸಿದುಕೊಂಡು ತನ್ನ ಪಕ್ಕದಲ್ಲೇ ಇಟ್ಟ.

“ಕುಂದ್ರಿ.”

“ಜುಲುಮಿ ಮಾಡಾಕತ್ತೀರಿ.”

“ಹೌದ್ರಿ.”

ಸಜ್ಜೆ ರೊಟ್ಟಿ ಬಡಿಸಿದ, ಕಾಳು-ಸೊಪ್ಪು ಬೆರೆಸಿ ಬೇಯಿಸಿದ ಭಜ್ಜಿ ಬಡಿಸಿದ. ಅವಳ ಬೆರಳು ತಾಕಿದಾಗ ಕೈ ಹಿಂತೆಗೆಯಲಿಲ್ಲ. ಆಮೇಲೆ ರಸ್ತೆಯ ಜೆಸಿಬಿ ಅವನ ಕಣ್ಣಿಗೆ ಬಿತ್ತು. ಮುಖ ಕಪ್ಪಿಟ್ಟಿತು.

“ಉಣ್ಣಾಕ ಬಂದೀರಿ ಅಂದ್ಕೊಂಡಿದ್ದೆ. ಕೇಳಾಕ ಬಂದೀರಿ! ಕೇಳ್ರಿ ಹಂಗಾದ್ರ. ಇವತ್ತ ನಾ ಇಲ್ಲ ಅನ್ನಾಂಗಿಲ್ಲ. ಬಾವಿ ಹೋದ್ರ ಹೋಗ್ಲಿ.”

ಮನೆಯವರೆಲ್ಲ ತುತ್ತು ಕೈಯಲ್ಲೇ ಹಿಡಿದು ಅವಳನ್ನು ನೋಡಿದರು. ಒಂದು ಮಾತು ಕೇಳಿದರೆ ಅವಳ ಕೆಲಸ ಉಳಿಯುತ್ತಿತ್ತು.

“ಭಜ್ಜಿ ಇನ್ನಷ್ಟ ಹಾಕ್ರಿ,” ಅಂದಳು.

“ಏನಂದ್ರಿ?”

“ಕಿವಿ ಕೇಳ್ಸಂಗಿಲ್ಲೇನು? ಭಜ್ಜಿ ಹಾಕ್ರಿ!”

ಅವನು ಬಡಿಸಿದ. ಬಡಿಸುತ್ತಲೇ ಬಗ್ಗಿ, ಅವಳಿಗಷ್ಟೇ ಕೇಳುವಂತೆ ಅಂದ, “ಹಂಗಾದ್ರ ನಾನೇ ಕೇಳ್ತೀನಿ. ನನ್ನ ಲಗ್ನ ಆಗ್ತೀ ಏನು? ನಮ್ಮ ಹೊಲ್ದಾಗ ಕುಂತೀದಿ, ನೀನೂ ಇಲ್ಲ ಅನ್ನಾಂಗಿಲ್ಲ.”

ಅವಳಿಗೆ ಸಿಟ್ಟು ನೆತ್ತಿಗೇರಿತು. “ನೀನೂ ಆ ಸಾಹೇಬನಂಗೇ ಆದ್ಯಲ್ಲೋ! ಇಲ್ಲ ಅನ್ನಾಕ ಬರ್ಲಾರದ ದಿವಸ ಕೇಳಿದ್ರ ಅದು ಹೂಂ ಹ್ಯಾಂಗಾಗ್ತದ? ನಾಳಿ ಕೇಳು. ನಿಮ್ಮ ಅವ್ವಗೂ ನಾಳೀನೇ ಕೇಳು.”

ಉಂಡು, ಕೈ ತೊಳೆದು, ರಸ್ತೆಗೆ ಹೋಗಿ ಹಾನನಿಗೂ ಹೇಳಿದಳು: ನಾನು ಕೇಳಲಿಲ್ಲ. ಕೇಳುವುದೂ ಇಲ್ಲ. ನಾಳೆ ಬಂದು ಟೇಬಲ್ ಖಾಲಿ ಮಾಡು ಎಂದ ಅವನು.

ಮರುದಿನ ಹುಮನಾಬಾದಿನ ಆಫೀಸಿನ ಗೇಟಿಗೆ ಅಡ್ಡ ಒಂದು ಟ್ರ್ಯಾಕ್ಟರು ನಿಂತಿತ್ತು. ಒಳಗೆ ಹಾನನ ಎದುರು ಸೂರ್ಯಕಾಂತ.

“ಬಾವಿ ಬಾಜೂಕ ಇಲ್ಲ. ಖಡಾಖಂಡಿತ ಇಲ್ಲ. ಆಚಿ ಕಡಿ ಕಲ್ಲಿನ ದಿಬ್ಬ ಅದ, ಅದೂ ನಂದೇ. ಬೇಕಾದ್ರ ಅಲ್ಲಿ ನಿಂದ್ರಸ್ರಿ. ಈಕಿ ನಿನ್ನಿ ಕೇಳಿದ್ರ ಬಾವಿ ಕಳ್ಕೊಂಡು ಜನ್ಮಪೂರ್ತಿ ನಿಮಗ ಬೈತಿದ್ದೆ. ಕೇಳ್ಲಿಲ್ಲ ಅಂತ ದಿಬ್ಬ ಕೊಡಾಕತ್ತೀನಿ.”

ಅದನ್ನು ಸಾಹೇಬನಿಗೆ ಇಂಗ್ಲಿಷಿನಲ್ಲಿ ಹೇಳಬೇಕಾದವಳು ಆಮ್ರಪಾಲಿಯೇ. ತನ್ನ ವಿಷಯ ಬಂದಲ್ಲಿ ಅವಳ ಮುಖ ಕೆಂಪಾಯಿತು. ಹಾನ್ ನಕ್ಷೆ ಬಿಡಿಸಿದ. ದಿಬ್ಬ ಎಲ್ಲಿದೆ ತೋರಿಸು ಅಂದ. ಟೇಬಲ್ ಖಾಲಿ ಮಾಡುವುದು ಬೇಡ ಅಂತಲೂ ಅಂದ.

ಹೊರಗೆ ಬಂದ ಮೇಲೆ ಕೇಳಿದಳು, “ನಿಮ್ಮ ಅವ್ವ ಏನಂದ್ಳು?”

“ಮುಂಜಾನಿ ಕೇಳಿದೆ. ಇಲ್ಲ ಅಂದ್ಳು.” ಅವನು ಚೀಲದಿಂದ ಒಂದು ಡಬ್ಬಿ ತೆಗೆದ. “ಹೊರಡೂ ಮುಂದ ಇದು ಕೊಟ್ಳು. ಆಕಿ ಎರಡ ಸಲ ಹಾಕಿಸ್ಕೊಂಡಿದ್ಳಲ್ಲಾ, ಒಯ್ದು ಕೊಡು ಅಂದ್ಳು.”

ನಿನ್ನೆಯ ಭಜ್ಜಿ. ಅವಳ ಕಣ್ಣು ತುಂಬಿದವು.

“ಈಗ ನೀ ಹೇಳು. ಇವತ್ತ ಇಲ್ಲ ಅನ್ನಬಹುದು.”

“ಹೂಂ,” ಅಂದಳು. ಕೂಡಲೇ ಹುಬ್ಬು ಗಂಟಿಕ್ಕಿದಳು. “ಮೊದ್ಲ ಆ ಟ್ರ್ಯಾಕ್ಟರ್ ಬಾಜೂಕ ತಗಿ.”

“ಈಗ ಸ್ಟಾರ್ಟ್ ಆಗ್ತದ,” ಅಂದ ಸೂರ್ಯಕಾಂತ.