ದನಿಗಳ್ಳಿಯ ಮೂರನೇ ಪುಸ್ತಕ

“ಮಿಕ್ಕಿದ್ ಯಾವ್ ಬುಕ್ಕಾದ್ರೂ ಓದ್ಕಳಿ ಸಾ. ಆ ಮೂರ್ನೇದ್ನ ಮಾತ್ರ ಊರೊಳ್ಗೆ ಬಾಯ್ಬುಟ್ಟು ಓದ್ಬೇಡಿ.”

ಶಾಲೆಯ ಗೇಟಿಗೆ ಅಡ್ಡ ನಿಂತು ರಾಚಯ್ಯ ಹೀಗೆಂದಾಗ ಸೋಮೇಶ್ ಮೇಷ್ಟ್ರು ನಕ್ಕುಬಿಟ್ಟರು. ನಗದೆ ಏನು ಮಾಡಿಯಾರು? ಇಪ್ಪತ್ತೆರಡು ವರ್ಷದ ಹಿಂದೆ ಇದೇ ಕೆಬ್ಬೆಕೊಪ್ಪಲಿನ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದಾಗ, ಗ್ರಹಣದ ಹೊತ್ತಿನಲ್ಲಿ ಮೆಟ್ಟಿಲ ಮೇಲೆ ಕೂತು ಮಕ್ಕಳಿಗೆಲ್ಲ ಕಡಲೆಪುರಿ ತಿನ್ನಿಸಿದವರು ಅವರು. ಮೂರು ದಾರಿ ಕೂಡುವಲ್ಲಿ ಯಾರೋ ದೃಷ್ಟಿಗೆ ಇಳಿ ತೆಗೆದು ಎಸೆದಿದ್ದ ನಿಂಬೆಹಣ್ಣನ್ನು ಆರಿಸಿ ತಂದು, ಹಿಂಡಿ, ಪಾನಕ ಮಾಡಿ ಗಟಗಟ ಕುಡಿದು ತೋರಿಸಿದವರು. ಅಂಥವರಿಗೆ ಶಾಲೆಯ ಹಳೇ ಜವಾನ ಮಾಟದ ಬುದ್ಧಿ ಹೇಳಲು ಬಂದಿದ್ದ!

“ಯಾರಯ್ಯಾ ಮಾಡಿಸಿರೋದು?” ಎಂದರು ಮೇಷ್ಟ್ರು.

ರಾಚಯ್ಯ ಹಿಂದೆ ಮುಂದೆ ನೋಡಿದ. “ದೊಡ್ಡಮಾದಮ್ಮ. ಬಾಯ್ಕಟ್ಟು ಮಾಡವ್ಳೆ ಸಾ. ಆಗ್ಲೇಯ, ನೀವು ಇಲ್ಲಿಂದ ವರ್ಗವಾಗಿ ಓದ್ ವರ್ಷವೇಯ.”

“ಇನ್ನೂ ಇದ್ದಾಳಾ ಅವಳು?”

“ಅವ್ಳೆ. ಆಸ್ಗೆ ಇಡ್ದವ್ಳೆ.”

“ಹಾಗಾದರೆ ಮೂರನೇದನ್ನೇ ಓದ್ತೀನಿ ಬಿಡು. ಮಕ್ಕಳ ತಲೆಯಿಂದ ಈ ಕಸ ತೆಗೆಯೋಕೆ ಇದಕ್ಕಿಂತ ಒಳ್ಳೇ ದಿನ ಬೇಕಾ?” ಎಂದು ಅವನ ಭುಜ ತಟ್ಟಿ ಮೇಷ್ಟ್ರು ಒಳಗೆ ಹೋದರು. ಶತ್ರುವಿನ ಬಾಯಿಯನ್ನು ಮಡಕೆಯಲ್ಲಿ ಕಟ್ಟಿ ಹೂಳುವ ಮಾಟವಂತೆ! ಬಾಯಿ ಎಂದರೇನು, ಮಡಕೆ ಎಂದರೇನು.

ಅರಿಶಿನ ಬೇಯಿಸುವ ಕಾಲ ಅದು. ಊರಿನ ಸುತ್ತ ಕೊಪ್ಪರಿಗೆಗಳು ಕುದಿಯುತ್ತಿದ್ದವು. ಹಸಿಮಣ್ಣು, ಕಹಿ, ಹೊಗೆ ಮೂರೂ ಕಲೆಸಿದ ಆ ವಾಸನೆ ಶಾಲೆಯ ಗೋಡೆಗೂ ಹತ್ತಿಕೊಂಡಿತ್ತು. ಶನಿವಾರದ ಬೆಳಗಿನ ಶಾಲೆ. ಹೊಸ ಮುಖ್ಯೋಪಾಧ್ಯಾಯಿನಿ ಮೇಘನಾ ಫೋನು ಮಾಡಿ, ನಿಮ್ಮ ಪುಸ್ತಕಗಳೆಲ್ಲ ಮತ್ತೆ ಅಚ್ಚಾಗುತ್ತಿವೆಯಂತೆ, ಬಂದು ನಮ್ಮ ಮಕ್ಕಳಿಗೆ ಓದಿ ಹೇಳಿ ಸಾರ್ ಎಂದು ಕರೆದಿದ್ದಳು.

ಹೌದು, ಅಚ್ಚಾಗುತ್ತಿದ್ದವು. ‘ದನಿಗಳ್ಳಿ’ ಎಂಬ ಹೆಸರಿನಲ್ಲಿ ಮೇಷ್ಟ್ರು ಆ ಕಾಲದಲ್ಲಿ ಎಂಟು ಚಿಕ್ಕ ಪುಸ್ತಕ ಬರೆದಿದ್ದರು. ವಿಜ್ಞಾನವೂ ಇರಬೇಕು, ಮಕ್ಕಳು ಚಡ್ಡಿಯಲ್ಲೇ ಉಚ್ಚೆ ಹೊಯ್ದುಕೊಳ್ಳುವಷ್ಟು ಭಯವೂ ಇರಬೇಕು, ಅಂಥ ಕತೆಗಳು. ದೂರದ ಒಂದು ಗ್ರಹದಿಂದ ಬಂದ ಜೀವಿ, ಅದಕ್ಕೆ ಸ್ವಂತ ದನಿಯಿಲ್ಲ, ಮಕ್ಕಳ ದನಿ ಕದ್ದು ಮಡಕೆಯಲ್ಲಿಡುತ್ತದೆ. ಚಾಮರಾಜನಗರದ ಕಡೆಯ ಶಾಲೆಗಳಲ್ಲಿ ಅವು ಕೈಯಿಂದ ಕೈಗೆ ಹೋಗಿ ಹರಿದು ಚಿಂದಿಯಾಗಿದ್ದವು. ಈಗ ಮೈಸೂರಿನವರೊಬ್ಬರು ಎಂಟನ್ನೂ ಸೇರಿಸಿ ದಪ್ಪ ಪುಸ್ತಕ ಮಾಡುತ್ತೇವೆಂದಿದ್ದರು. ಮೇಷ್ಟ್ರು ಹೋದ ವಾರವೆಲ್ಲ ಗುಂಡ್ಲುಪೇಟೆಯ ಮನೆಯಲ್ಲಿ ಕೂತು ಒಂದರಿಂದ ಎಂಟರವರೆಗೆ ಮತ್ತೆ ಓದಿದ್ದರು. ಭಲೇ ಎಂದು ತಮ್ಮ ಬೆನ್ನು ತಾವೇ ತಟ್ಟಿಕೊಂಡಿದ್ದರು. ಮೂರನೇ ಪುಸ್ತಕದ ನಡುವೆ ಮಾತ್ರ ಕಿವಿ ಬಿಸಿಯಾಗಿ ಎರಡು ಹಾಳೆ ಒಟ್ಟಿಗೆ ಮಗುಚಿದ್ದರು. ಮನೆಯಲ್ಲಿ ನೋಡುವವರು ಯಾರೂ ಇರಲಿಲ್ಲ.

ಯಾಕೆಂದು ಕೇಳಿದರೆ ಹೇಳಲೇಬೇಕು. ಮೂರನೇ ಪುಸ್ತಕದಲ್ಲಿ ಆ ಜೀವಿ ಅರಿಶಿನ ಬೇಯಿಸುವ ಅಜ್ಜಿಯ ವೇಷದಲ್ಲಿ ಬರುತ್ತದೆ. ಸೀಳಿದ ತುಟಿ, ಮೂಗಿನಲ್ಲಿ ಮಾತು. ಹೆಸರು ದೊಡ್ಡಮಾದಮ್ಮ. ಕೆಬ್ಬೆಕೊಪ್ಪಲಿನಲ್ಲಿ ಆಗ ನಿಜವಾಗಿಯೂ ಒಬ್ಬ ದೊಡ್ಡಮಾದಮ್ಮ ಇದ್ದಳು. ಹುಟ್ಟಿದಾಗಿನಿಂದಲೂ ತುಟಿ ಸೀಳಿತ್ತು. ಕೊಪ್ಪರಿಗೆ ಮುಂದೆ ಕೂಲಿ ಮಾಡುತ್ತಿದ್ದಳು. ಅವಳ ಮಾತು ಅವಳ ಮೊಮ್ಮಗಳು ಪುಟ್ಟಿಗೆ ಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮೇಷ್ಟ್ರು ಹೆಸರನ್ನಾದರೂ ಬದಲಿಸಬಹುದಿತ್ತು. ಬದಲಿಸಲಿಲ್ಲ. ಆ ಹೆಸರು ಕೇಳಿದೊಡನೆ ಇಡೀ ಕ್ಲಾಸು ಗೊಳ್ಳೆಂದು ನಗುತ್ತಿತ್ತು, ಆ ನಗು ಮೇಷ್ಟ್ರಿಗೆ ಬೇಕಿತ್ತು.

“ಕಿಟಕಿ ಮುಚ್ಚಿ ಮಕ್ಕಳೇ” ಎಂದರು ಮೇಷ್ಟ್ರು. “ಇದು ಕತ್ತಲಲ್ಲಿ ಕೇಳೋ ಕತೆ.”

ಮಕ್ಕಳು ಖುಷಿಯಿಂದ ಎದ್ದು ಕಿಟಕಿ ಮುಚ್ಚಿದರು. ಕೋಣೆ ಮಬ್ಬಾಯಿತು. ಮೇಘನಾ ಬಾಗಿಲ ಬಳಿ ಕೈಕಟ್ಟಿ ನಿಂತಳು. ಮೇಷ್ಟ್ರು ಓದಿದರು, ಚೆನ್ನಾಗಿಯೇ ಓದಿದರು. ಎಲ್ಲಿ ದನಿ ತಗ್ಗಿಸಬೇಕು, ಎಲ್ಲಿ ಮೇಜು ಗುದ್ದಬೇಕು, ಒಂದೂ ಮರೆತಿರಲಿಲ್ಲ. ಅಜ್ಜಿ ಮಾತಾಡುವ ಸಾಲು ಬಂತು. ಮೇಷ್ಟ್ರ ಬೆರಳು ತಾನಾಗಿ ಮೇಲ್ತುಟಿಗೆ ಹೋಯಿತು. ತುಟಿಯನ್ನು ಮೂಗಿನತ್ತ ಎಳೆದು ಹಿಡಿಯಿತು.

ಆ ಬೆರಳಿಗೆ ಅಭ್ಯಾಸವಿತ್ತು. ಪುಸ್ತಕ ಬಂದ ವರ್ಷ ದೊಡ್ಡಮಾದಮ್ಮ ಇದೇ ಗೇಟಿಗೆ ಬಂದಿದ್ದಳು. ಹಣೆಯಲ್ಲಿ ರಕ್ತ. ದನಿಗಳ್ಳಿ, ದನಿಗಳ್ಳಿ ಎಂದು ಕೂಗಿಕೊಂಡು ಹುಡುಗರು ಹೊಡೆದ ಕಲ್ಲು. ಒಂದು ಕೈಯಲ್ಲಿ ಹರಿದ ಪುಸ್ತಕ, ಇನ್ನೊಂದರಲ್ಲಿ ಪುಟ್ಟಿಯ ಕೈ. ಏನೋ ಹೇಳಿದಳು, ಬಹಳ ಹೊತ್ತು ಹೇಳಿದಳು. ಮೇಷ್ಟ್ರಿಗೆ ತಿಳಿಯಲಿಲ್ಲ. ಹಿಂದೆ ಕ್ಲಾಸು ನೋಡುತ್ತಿತ್ತು. ಆಗ ಮೇಷ್ಟ್ರು ಹೀಗೇ ತುಟಿ ಎತ್ತಿ ಹಿಡಿದು, ಅವಳದೇ ದನಿಯಲ್ಲಿ, ಅವಳಿಗೇ ಉತ್ತರ ಕೊಟ್ಟಿದ್ದರು. ಕ್ಲಾಸೆಲ್ಲ ಬಿದ್ದು ಬಿದ್ದು ನಕ್ಕಿತ್ತು. ಪುಟ್ಟಿ ನಕ್ಕಿರಲಿಲ್ಲ. ಥೂ, ಅದು ಈಗ ಯಾಕೆ ನೆನಪಾಗಬೇಕು?

“ಬಾ ಮಗಾ, ನಿನ್ನ ದನಿ ನನಗೆ ಕೊಡು” ಎಂದು ಓದಿದರು.

ಮಕ್ಕಳು ಕಿಲಕಿಲ ನಕ್ಕರು. ಮೇಷ್ಟ್ರು ಬೆರಳು ತೆಗೆದರು. ತುಟಿ ಇಳಿಯಲಿಲ್ಲ.

ಮುಂದಿನ ಸಾಲು ಕಣ್ಣೆದುರಿಗಿತ್ತು. ‘ರವಿ ಹೆದರಿ ಓಡಿದನು’. ಮೇಷ್ಟ್ರು ಬಾಯಿ ತೆರೆದರು. “ಬಾ ಮಗಾ, ನಿನ್ನ ದನಿ ನನಗೆ ಕೊಡು.”

ಮಕ್ಕಳು ಮತ್ತೆ ನಕ್ಕರು. ಕಡಿಮೆ ನಕ್ಕರು.

ಅರಿಶಿನದ ವಾಸನೆ ದಟ್ಟವಾಯಿತು. ಹೊರಗಿನಿಂದಲ್ಲ, ಬಾಯೊಳಗಿನಿಂದ. ನಾಲಿಗೆಯ ಮೇಲೆ ಕಹಿ. ಹಲ್ಲಿನ ಸಂದಿಯಲ್ಲಿ ಮಣ್ಣು, ಕರಕರ ಎನ್ನುವ ಮಣ್ಣು. ಮೇಲ್ತುಟಿಯ ನಡುವೆ ದಾರ ಬಿಗಿದಂತಾಯಿತು. ಒಂದು ಸುತ್ತು. ಎರಡು ಸುತ್ತು. ನೀರು ಕೊಡಿ ಎನ್ನಬೇಕೆಂದುಕೊಂಡರು.

“ಬಾ ಮಗಾ.”

ಸಾಕು, ಕಿಟಕಿ ತೆಗೀರಿ ಎನ್ನಬೇಕೆಂದುಕೊಂಡರು.

“ನಿನ್ನ ದನಿ ನನಗೆ ಕೊಡು.”

ಅದು ಅವರ ದನಿಯಲ್ಲ. ಮೂಗಿನದು. ಮುಪ್ಪಿನದು. ಹೆಂಗಸಿನದು. ಮುಂದಿನ ಸಾಲಿನ ಹುಡುಗಿಯೊಬ್ಬಳು ಅಳತೊಡಗಿದಳು. ಅವಳನ್ನು ಸಮಾಧಾನ ಮಾಡಲು ಮೇಷ್ಟ್ರು ಕೈ ಚಾಚಿ ಎರಡು ಹೆಜ್ಜೆ ಮುಂದೆ ಬಂದರು. ಬಾಯಿ ಬಿಟ್ಟರು. ಅಯ್ಯೋ, ಬಿಡಬಾರದಿತ್ತು. ಬೆಂಚು ಬಿತ್ತು. ಮಕ್ಕಳು ಕಿರುಚಿದರು. ಬಾಗಿಲು ಬಡಿಯಿತು. ಮೂವತ್ತು ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ಅಂಗಳಕ್ಕೆ ಓಡಿದರು. “ಏನ್ ಸಾರ್ ಇದು, ನಿಲ್ಸಿ! ನಿಲ್ಸಿ ಸಾರ್!” ಎಂದು ಮೇಘನಾ ಕೂಗುತ್ತಲೇ ಇದ್ದಳು. ಮೇಷ್ಟ್ರು ಪುಸ್ತಕವನ್ನು ಕಂಕುಳಲ್ಲಿ ಸಿಕ್ಕಿಸಿ, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಗೇಟಿನ ಕಡೆ ನಡೆದರು.

ರಾಚಯ್ಯ ಹತ್ತು ಮಾರು ದೂರದಲ್ಲಿ ನಿಂತಿದ್ದ. ಹತ್ತಿರ ಬರಲಿಲ್ಲ.

“ಏಳಿದ್ನಲ್ಲಾ ಸಾ” ಎಂದ. “ಪುಸ್ತಕದಲ್ಲಿ ಅವ್ಳ ಬಾಯ್ಗೆ ಯಾವ್ ಮಾತ ತುರುಕಿದ್ರೋ, ಅದೊಂದೇ ನಿಮ್ ಬಾಯಲ್ಲುಳೀಲಿ ಅಂತ ಕಟ್ಟವ್ಳೆ. ಮಡ್ಕೆಗೆ ಈ ಗೇಟಿನ ಮಣ್ಣ ಬಗ್ದು ಕೊಟ್ಟೋನು ನಾನೇಯ. ಅವ್ಳ ಅಣೇಲಿ ನೆತ್ರ ನೋಡಿ ತಡ್ಕಳಕ್ಕಾಗ್ನಿಲ್ಲ ಕಣಿ. ಇವತ್ ಒತ್ತು ಮುಳ್ಗೋದ್ರೊಳ್ಗೆ ನೀವು ತಪ್ಪಾಯ್ತು ಅಂದಿದ್ದು ಯಾರ್ ಬಾಯಿಂದಾದ್ರೂ ಅವ್ಳ ಕಿವೀಗ್ ಬಿದ್ರೆ ಬುಡ್ತದಂತೆ. ಇಲ್ದಿದ್ರೆ ಸಾಯಗಂಟ ಇಷ್ಟೇಯ.”

ಆಗಲಾದರೂ ಮೇಷ್ಟ್ರು ದೊಡ್ಡಮಾದಮ್ಮನ ಬೀದಿಗೆ ತಿರುಗಬೇಕಿತ್ತೋ ಬೇಡವೋ ನೀವೇ ಹೇಳಿ. ತಿರುಗಲಿಲ್ಲ. ನರದ ತೊಂದರೆ ಇರಬೇಕು, ವಯಸ್ಸಾಯಿತು, ಚಾಮರಾಜನಗರದಲ್ಲಿ ಗಂಟಲಿನ ಡಾಕ್ಟರು ಇದ್ದಾರೆ ಎಂದುಕೊಂಡು ಬಿಸಿಲಲ್ಲಿ ಎರಡು ಮೈಲಿ ನಡೆದು ಉಮ್ಮತ್ತೂರಿಗೆ ಬಂದರು. ಬಸ್ಸಿಗೆ ಬಹಳ ಹೊತ್ತು ಕಾದರು. ಕೊನೆಗೆ ಹತ್ತಿ ಕೂತರು. ಪಕ್ಕದಲ್ಲಿ ತಾಯಿಯೊಬ್ಬಳ ಮಡಿಲಲ್ಲಿ ಮಗುವಿತ್ತು. ಕಂಡಕ್ಟರು ಬಂದು ಎಲ್ಲಿಗೆ ಎಂದ. ಇಷ್ಟು ವರ್ಷದ ಅಭ್ಯಾಸ, ಬಾಯಿ ತಾನೇ ತೆರೆದುಕೊಂಡಿತು.

ಮಗು ಚಿಟ್ಟನೆ ಚೀರಿತು. ತಾಯಿ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಎದ್ದು ನಿಂತಳು. “ಯಾವನ್ಲಾ ಇವನು, ಮಕ್ಳ ಕಳ್ಳ!” ಎಂದು ಹಿಂದಿನಿಂದ ಒಬ್ಬ ಕೂಗಿದ. ಇನ್ನೊಬ್ಬ ಕೊರಳಪಟ್ಟಿ ಹಿಡಿದ. ಬಸ್ಸು ನಿಂತಿತು. ಮೇಷ್ಟ್ರನ್ನು ಹೊಲದ ಪಕ್ಕ ದಬ್ಬಿ ಇಳಿಸಿದರು. ಮೂವತ್ತು ವರ್ಷ ಮೇಷ್ಟ್ರೇ ಮೇಷ್ಟ್ರೇ ಎಂದು ಕೈಮುಗಿಸಿಕೊಂಡ ಮನುಷ್ಯ ಧೂಳಿನಲ್ಲಿ ಮೊಣಕಾಲೂರಿ ಕೂತಿದ್ದರು.

ಹೊತ್ತು ಇಳಿಯುತ್ತಿತ್ತು. ಅಲ್ಲೇ ಮೈಲಿಗಲ್ಲಿನ ಮೇಲೆ ಪುಸ್ತಕವಿಟ್ಟು, ಕೊನೆಯ ಖಾಲಿ ಹಾಳೆಯಲ್ಲಿ ಬರೆಯತೊಡಗಿದರು. ಕೈಗೆ ಯಾವ ಕಟ್ಟೂ ಇರಲಿಲ್ಲ. ‘ಅದು ಬರೀ ಕಲ್ಪನೆ, ಯಾರ ಮನಸ್ಸಿಗಾದರೂ ನೋವಾಗಿದ್ದರೆ’ ಎಂದು ಬರೆದರು. ಬರೆದದ್ದನ್ನು ಓದಿ ತಮಗೇ ಹೇಸಿಗೆಯಾಯಿತು, ಹೊಡೆದು ಹಾಕಿದರು. ‘ಮಕ್ಕಳು ಕಲ್ಲು ಹೊಡೆಯುತ್ತಾರೆಂದು ಗೊತ್ತಿರಲಿಲ್ಲ’ ಎಂದು ಬರೆದರು. ಗೊತ್ತಿತ್ತು. ಅದನ್ನೂ ಹೊಡೆದು ಹಾಕಿದರು. ಕೊನೆಗೆ, ‘ದೊಡ್ಡಮಾದಮ್ಮಾ, ನೀನು ಏನೂ ಮಾಡಿರಲಿಲ್ಲ. ಮಕ್ಕಳು ನಗಲಿ ಎಂದು ನಾನು ನಿನ್ನ ತುಟಿಯನ್ನು, ನಿನ್ನ ಹೆಸರನ್ನು ತಗೊಂಡೆ. ಗೇಟಿನಲ್ಲಿ ನಿನ್ನನ್ನು ಅಣಕಿಸಿದೆ. ತಪ್ಪಾಯ್ತು’ ಎಂದು ಬರೆದರು. ಅಷ್ಟು ಬರೆಯುವಷ್ಟರಲ್ಲಿ ಕಣ್ಣೀರು ಹಾಳೆಯ ಮೇಲೆ ಬಿದ್ದಿತ್ತು. ಆ ಹಾಳೆಯನ್ನು ಹರಿದುಕೊಂಡರು.

ಓಡಿದರು. ನಡೆದರು. ಮತ್ತೆ ಓಡಿದರು. ಕೆಬ್ಬೆಕೊಪ್ಪಲು ಮುಟ್ಟುವಾಗ ಸೂರ್ಯ ತೆಂಗಿನ ಮರಗಳ ಹಿಂದೆ ಸರಿದಿದ್ದ. ಬೀದಿಗೆ ಕಾಲಿಟ್ಟೊಡನೆ ಬಾಗಿಲುಗಳು ಒಂದೊಂದಾಗಿ ಹಾಕಿಕೊಂಡವು. ಒಳಗಿನಿಂದ ಮಕ್ಕಳ ಪಿಸುಮಾತು. ಒಂದು ಸಣ್ಣ ಕಲ್ಲು ಬೆನ್ನಿಗೆ ಬಂದು ಬಿತ್ತು. ಮೇಷ್ಟ್ರು ತಿರುಗಿ ನೋಡಲಿಲ್ಲ.

ಬೀದಿಯ ಕೊನೆಯಲ್ಲಿ ತಗಡಿನ ಮನೆ. ಅಂಗಳದ ತುಂಬ ಬೇಯಿಸಿದ ಅರಿಶಿನ ಒಣಗಲು ಹರವಿತ್ತು. ಮೂವತ್ತರ ಹೆಂಗಸೊಬ್ಬಳು ಕೂತು ಅದನ್ನು ಮೊರಕ್ಕೆ ಬಾಚಿ ಹಾಕುತ್ತಿದ್ದಳು. ಮೊಣಕೈವರೆಗೂ ಹಳದಿ. ಮೇಷ್ಟ್ರನ್ನು ನೋಡಿ ಎದ್ದು ನಿಂತಳು. ಅವಳು ನಗದೆ ನೋಡುತ್ತಿದ್ದ ಬಗೆಯಲ್ಲೇ ಪುಟ್ಟಿ ಎಂದು ಗುರುತು ಹತ್ತಿತು.

“ಮೇಷ್ಟ್ರಾ? ಬನ್ನಿ ಸಾ” ಎಂದಳು. ಜಗಲಿಯ ಮೇಲೆ ಹಳೇ ಕಂಬಳಿಯಲ್ಲಿ ದೊಡ್ಡಮಾದಮ್ಮ ಮಲಗಿದ್ದಳು. ಕಣ್ಣು ಮುಚ್ಚಿತ್ತು. ಸೀಳಿದ ತುಟಿಯ ನಡುವೆ ಉಸಿರು ಸುಯ್ಯೆಂದು ಹೋಗಿ ಬರುತ್ತಿತ್ತು.

ಮೇಷ್ಟ್ರು ಎರಡೂ ಕೈಯಿಂದ ಹಾಳೆಯನ್ನು ಪುಟ್ಟಿಯ ಮುಂದೆ ಹಿಡಿದರು. ಅಜ್ಜಿಯ ಕಡೆ ತೋರಿಸಿದರು. ಓದು ಎಂದು ಸನ್ನೆ ಮಾಡಿದರು. ಬೆಳಕು ಇನ್ನೇನು ಹೋಗುತ್ತಿತ್ತು.

ಪುಟ್ಟಿ ಕೈಯನ್ನು ಸೀರೆಗೆ ಒರೆಸಿಕೊಂಡು ಹಾಳೆ ತೆಗೆದುಕೊಂಡಳು. ಹಿಂದೆ ಮುಂದೆ ತಿರುಗಿಸಿದಳು. ಅಂಚಿಗೆ ಹಳದಿ ಹತ್ತಿತು.

“ನಂಗ್ ಓದಕ್ ಬರಲ್ಲ ಸಾ” ಎಂದಳು. “ಮೂರ್ನೇ ಕ್ಲಾಸಲ್ಲೇ ಇಸ್ಕೂಲ್ ಬುಟ್ಬುಟ್ನಲ್ಲಾ. ಅವತ್ತು ಅಜ್ಜಿ ಜೊತೆ ಗೇಟಿಗ್ ಬಂದಿದ್ದೇ ಕಡೆ.”

ಮೇಷ್ಟ್ರು ಜಗಲಿಯ ಕಂಬ ಹಿಡಿದುಕೊಂಡರು. ಇಂಥ ಶಾಲೆಯ ಇಂಥ ಮೇಷ್ಟ್ರು, ತಾಲ್ಲೂಕಿಗೇ ಹೆಸರಾದವರು, ಅಕ್ಷರ ಕಲಿಯುತ್ತಿದ್ದ ಹುಡುಗಿಯನ್ನು ಗೇಟಿನಿಂದ ಹಾಗೆ ನಗೆಗೀಡು ಮಾಡಿ ಕಳಿಸಿದ್ದರು. ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲವಾದರೂ, ಆ ಹುಡುಗಿ ಯಾಕೆ ಬರುತ್ತಿಲ್ಲ ಎಂದು ಅವರು ಯಾರನ್ನೂ ಕೇಳಿರಲಿಲ್ಲ.

“ಯಾರ್ನಾರ ಕರೆಯಾನ ಅಂದ್ರೆ ಎಲ್ರೂ ಬಾಗ್ಲಾಕ್ಕಂಡವ್ರೆ” ಎಂದು ಪುಟ್ಟಿ ಬೀದಿ ನೋಡಿದಳು. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. “ನಮ್ಗೂ ಇಂಗೇ ಬಾಗ್ಲಾಕ್ತಿದ್ರು ಸಾ. ನೀವೇ ಓದ್ಬುಡಿ. ಅಜ್ಜಿಗೆ ಕಿವಿ ಚೆಂದಾಗ್ ಕೇಳ್ತದೆ.”

ಹಾಳೆ ಮತ್ತೆ ಮೇಷ್ಟ್ರ ಕೈಗೆ ಬಂತು. ಅವರು ಕಂಬಳಿಯ ಪಕ್ಕ ಮಂಡಿಯೂರಿದರು. ಮೊದಲ ಪದದ ಕೆಳಗೆ ಬೆರಳಿಟ್ಟರು. ಒಳಗೆಲ್ಲ ತಪ್ಪಾಯ್ತು, ತಪ್ಪಾಯ್ತು, ತಪ್ಪಾಯ್ತು. ಬಾಯಿ ತೆರೆದರು.

“ಬಾ ಮಗಾ, ನಿನ್ನ ದನಿ ನನಗೆ ಕೊಡು.”

ಬೆರಳು ಎರಡನೇ ಪದಕ್ಕೆ ಸರಿಯಿತು. ಅದೇ ಬಂತು. ಮೂರನೆಯದಕ್ಕೆ ಸರಿಯಿತು. ಅದೇ ಬಂತು. ಮೇಷ್ಟ್ರು ಅಳುತ್ತಲೇ ಕೊನೆಯ ಪದದವರೆಗೂ ಬೆರಳು ಸರಿಸಿದರು. ತೆಂಗಿನ ಮರಗಳ ಹಿಂದೆ ಕೊನೆಯ ಕೆಂಪೂ ಆರಿತು.

ದೊಡ್ಡಮಾದಮ್ಮ ಕಣ್ಣು ಬಿಟ್ಟಳು. ಮೇಷ್ಟ್ರ ಮುಖವನ್ನು ಬಹಳ ಹೊತ್ತು ನೋಡಿದಳು. ಮೂಗಿನಲ್ಲಿ ಏನೋ ಹೇಳಿದಳು. ಮೇಷ್ಟ್ರಿಗೆ ತಿಳಿಯಲಿಲ್ಲ. ಪುಟ್ಟಿಯ ಕಡೆ ನೋಡಿದರು.

“ಗಟ್ಟಿಯಾಗ್ ಓದು ಅಂತಾವ್ಳೆ ಸಾ” ಎಂದಳು ಪುಟ್ಟಿ.

ಮೇಷ್ಟ್ರು ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದು, ಮೊದಲಿನಿಂದ ಓದತೊಡಗಿದರು.